ವೋಲ್ಟ್, ಆಂಪ್ಸ್ ಅಳೆದು ಓಮ್, ವ್ಯಾಟ್ ಲೆಕ್ಕ ಹಾಕುವುದು ಹೇಗೆ: ಗೀಸರ್‌ನಿಂದ ಬೋರ್‌ವೆಲ್ ಕೇಬಲ್‌ವರೆಗೆ

ಗೀಸರ್ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಎರಡು ಸಂಖ್ಯೆ ಇರುತ್ತವೆ: 230 ವೋಲ್ಟ್, 2000 ವ್ಯಾಟ್. ಹೆಚ್ಚಿನವರು ಎರಡನೆಯದನ್ನು ಮಾತ್ರ ಓದುತ್ತಾರೆ. ಆದರೆ ಆ 2000 ವ್ಯಾಟ್ ನಿಜವಾಗುವುದು ಪ್ಲಗ್ಗಿಗೆ 230 ವೋಲ್ಟ್ ಬಂದಾಗ ಮಾತ್ರ. ಸಂಜೆ ಹೊತ್ತಿಗೆ 190ಕ್ಕೆ ಇಳಿಯುವ ಊರಿನಲ್ಲಿ ಅದೇ ಗೀಸರ್ 1400 ವ್ಯಾಟ್ ಕೂಡ ಎಳೆಯುವುದಿಲ್ಲ. ಹಾಗಾಗಿ ಪಟ್ಟಿಯನ್ನು ನೋಡಿ ಲೆಕ್ಕ ಶುರು ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಉಪಕರಣ ಓಡುತ್ತಿರುವಾಗಲೇ ವೋಲ್ಟ್ ಮತ್ತು ಆಂಪ್ಸ್ ಎರಡನ್ನೂ ಒಟ್ಟಿಗೆ ಅಳೆಯಬೇಕು. ಉಳಿದದ್ದು ಗುಣಾಕಾರ, ಭಾಗಾಕಾರ.

ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ನಾವು ‘ಕರೆಂಟ್ ಹೋಯ್ತು’, ‘ಕರೆಂಟ್ ಬಿಲ್ಲು ಬಂತು’ ಅನ್ನುವಾಗ ಕರೆಂಟ್ ಅಂದರೆ ಇಡೀ ವಿದ್ಯುತ್ತು. ಲೆಕ್ಕದಲ್ಲಿ ಆ ಪದಕ್ಕೆ ಒಂದೇ ಅರ್ಥ: ತಂತಿಯಲ್ಲಿ ಹರಿಯುವ ಪ್ರವಾಹ, ಆಂಪಿಯರ್‌ಗಳಲ್ಲಿ. ಮಾತು ಬೆರೆಯದಿರಲಿ ಎಂದು ಇಲ್ಲಿ ಎಲೆಕ್ಟ್ರಿಷಿಯನ್‌ಗಳು ಹೇಳುವ ಹಾಗೆ ‘ಆಂಪ್ಸ್’ ಎಂದೇ ಬರೆದಿದೆ. ಅದನ್ನು ತಳ್ಳುವ ಒತ್ತಡ ವೋಲ್ಟ್. ಅದಕ್ಕೆ ಎದುರಾಗುವ ಅಡ್ಡಿ ರೋಧ, ಅಳತೆ ಓಮ್‌ನಲ್ಲಿ. ಪ್ರತಿ ಕ್ಷಣ ಖರ್ಚಾಗುವ ಶಕ್ತಿಯ ದರ ವ್ಯಾಟ್.

ಲೆಕ್ಕದ ಸೂತ್ರಗಳು

ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ಸಂಬಂಧ ಇಷ್ಟೇ: ವೋಲ್ಟನ್ನು ಆಂಪ್ಸ್‌ನಿಂದ ಭಾಗಿಸಿದರೆ ಓಮ್. ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಿ: ವೋಲ್ಟನ್ನು ಆಂಪ್ಸ್‌ನಿಂದ ಗುಣಿಸಿದರೆ ವ್ಯಾಟ್. ಇವೆರಡನ್ನು ಸೇರಿಸಿದಾಗ ಹುಟ್ಟುವ ಎರಡು ರೂಪಗಳು ನಿತ್ಯದ ಕೆಲಸಕ್ಕೆ ಬಹಳ ಉಪಯೋಗ:

ವ್ಯಾಟ್ = ಆಂಪ್ಸ್ × ಆಂಪ್ಸ್ × ಓಮ್
ವ್ಯಾಟ್ = ವೋಲ್ಟ್ × ವೋಲ್ಟ್ ÷ ಓಮ್

ಗೀಸರ್‌ಗೆ ಹಾಕಿ ನೋಡಿ. 230 ವೋಲ್ಟ್ ಇದ್ದಾಗ 8.7 ಆಂಪ್ಸ್ ಓಡುತ್ತಿದೆ. 230 ÷ 8.7 = 26.4 ಓಮ್. 230 × 8.7 = 2001 ವ್ಯಾಟ್. ತಾಳೆ ನೋಡಲು 8.7 × 8.7 × 26.4 ಮಾಡಿ: 1998. ದಶಮಾಂಶ ಕತ್ತರಿಸಿದ್ದರಿಂದ ಬಂದ ಮೂರು ವ್ಯಾಟ್ ವ್ಯತ್ಯಾಸ ಅದು, ತಪ್ಪಲ್ಲ.

ಯಾವ ರೂಪ ಎಲ್ಲಿ? ಉಪಕರಣದ ಬಗ್ಗೆ ಯೋಚಿಸುವಾಗ ವೋಲ್ಟ್‌ನ ವರ್ಗ, ತಂತಿ, ಜಾಯಿಂಟು, ಪ್ಲಗ್ಗುಗಳ ಬಗ್ಗೆ ಯೋಚಿಸುವಾಗ ಆಂಪ್ಸ್‌ನ ವರ್ಗ. ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜು 230 ಅಲ್ಲ, ಎರಡೋ ಮೂರೋ ವೋಲ್ಟ್ ಮಾತ್ರ. ಅಲ್ಲಿ 230 ಹಾಕಿ ಲೆಕ್ಕ ಮಾಡಿದರೆ ಉತ್ತರ ಸಾವಿರಾರು ಪಟ್ಟು ತಪ್ಪಿಹೋಗುತ್ತದೆ. ಕಲಿಯುವವರು ಅತಿ ಹೆಚ್ಚು ಎಡವುವುದು ಇಲ್ಲೇ.

ಇನ್ನೊಂದು ಎಡವು ಮಿಲಿ, ಕಿಲೋಗಳದ್ದು. 20 ಮಿಲಿಆಂಪ್ಸ್ ಅಂದರೆ 0.02 ಆಂಪ್ಸ್. ಸೂತ್ರಕ್ಕೆ ಹಾಕುವ ಮುಂಚೆ ಎಲ್ಲವನ್ನೂ ವೋಲ್ಟ್, ಆಂಪ್ಸ್, ಓಮ್‌ಗೆ ಇಳಿಸಿಕೊಳ್ಳಿ.

ಅಳೆಯಲು ಒಂದು ಬೋರ್ಡ್ ಮಾಡಿಕೊಳ್ಳಿ

ವೋಲ್ಟ್ ಅಳೆಯುವಾಗ ಮಲ್ಟಿಮೀಟರಿನ (ವೋಲ್ಟ್, ಆಂಪ್ಸ್, ಓಮ್ ಮೂರನ್ನೂ ಅಳೆಯುವ ಕೈಮೀಟರು) ಎರಡು ಕಡ್ಡಿಗಳನ್ನು ಫೇಸು, ನ್ಯೂಟ್ರಲ್‌ಗೆ ಅಡ್ಡಲಾಗಿ ಮುಟ್ಟಿಸುತ್ತೇವೆ. ಆಂಪ್ಸ್ ಅಳೆಯಬೇಕಾದರೆ ಮೀಟರು ದಾರಿಯ ಮಧ್ಯೆಯೇ ಕೂರಬೇಕು. ಮನೆಯ 230 ವೋಲ್ಟ್ ಲೈನಿನಲ್ಲಿ ಮಲ್ಟಿಮೀಟರನ್ನು ಹೀಗೆ ಮಧ್ಯೆ ಕೂರಿಸಬೇಡಿ. ಇನ್ನೂರು-ಮುನ್ನೂರು ರೂಪಾಯಿಯ ಮೀಟರುಗಳಲ್ಲಿ 10 ಆಂಪ್ಸ್ ತೂತು ಬರೀ ಡಿಸಿಗೆ, ಅನೇಕ ಮಾದರಿಗಳಲ್ಲಿ ಅದಕ್ಕೆ ಫ್ಯೂಸೂ ಇರುವುದಿಲ್ಲ. ಕೆಂಪು ಕಡ್ಡಿಯನ್ನು ಆ ತೂತಿನಲ್ಲೇ ಮರೆತು ಸಾಕೆಟ್ಟಿಗೆ ಚುಚ್ಚಿದರೆ ಅದು ನೇರ ಶಾರ್ಟ್ ಸರ್ಕೀಟು. ಕಡ್ಡಿಯ ತುದಿ ಕರಗಿ ಕೈಮೇಲೆ ಸಿಡಿಯುತ್ತದೆ.

ಮೇನ್ ಲೈನಿಗೆ, ತಂತಿಯನ್ನು ಕತ್ತರಿಸದೆ ಹೊರಗಿನಿಂದಲೇ ಸುತ್ತ ಹಿಡಿದು ಆಂಪ್ಸ್ ಓದುವ ಕ್ಲಾಂಪ್ ಮೀಟರೇ ಸರಿ. ಅದರ ದವಡೆಯೊಳಗೆ ಒಂದೇ ತಂತಿ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಇರುವ ಇಡೀ ವೈರನ್ನು ಹಿಡಿದರೆ ಹೋಗುವ ಪ್ರವಾಹ, ಬರುವ ಪ್ರವಾಹ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ‘ಮೀಟರು ಕೆಟ್ಟಿದೆ’ ಎಂದು ಅಂಗಡಿಗೆ ವಾಪಸು ಹೋಗುವ ಕ್ಲಾಂಪುಗಳಲ್ಲಿ ಅನೇಕ ಚೆನ್ನಾಗಿಯೇ ಇರುತ್ತವೆ.

ಇದಕ್ಕೆ ಒಂದು ಟೆಸ್ಟ್ ಬೋರ್ಡ್ ಮಾಡಿಟ್ಟುಕೊಂಡರೆ ಕೆಲಸ ಸುಲಭ. 2.5 ಚದರ ಮಿಮೀ ತಾಮ್ರದ ಒಂಟಿ ವೈರು, ಒಂದೊಂದು ಮೀಟರಿನಂತೆ ಮೂರು ಬಣ್ಣದಲ್ಲಿ ತೆಗೆದುಕೊಳ್ಳಿ. ಒಂದು ತುದಿಗೆ 16 ಆಂಪ್ಸ್ ಪ್ಲಗ್ ಟಾಪ್; ಇನ್ನೊಂದು ತುದಿಗೆ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಒಂದು 16 ಆಂಪ್ಸ್ ಸಾಕೆಟ್ಟು, ಪಕ್ಕದಲ್ಲೇ ಒಂದು 6 ಆಂಪ್ಸ್ ಸಾಕೆಟ್ಟು. ವೈರುಗಳನ್ನು ಹೆಣೆಯಬೇಡಿ, ಬಿಡಿಬಿಡಿಯಾಗಿಯೇ ಇರಲಿ. ಕ್ಲಾಂಪು ಫೇಸ್ ವೈರನ್ನು ಮಾತ್ರ ಹಿಡಿಯಬೇಕಲ್ಲ. ಗೀಸರ್ ದೊಡ್ಡ ಸಾಕೆಟ್ಟಿಗೆ, ಎಸಿ 600 ಅಥವಾ 750 ವೋಲ್ಟ್ ರೇಂಜಿಗೆ ಇಟ್ಟ ಮಲ್ಟಿಮೀಟರಿನ ಕಡ್ಡಿಗಳು ಚಿಕ್ಕ ಸಾಕೆಟ್ಟಿಗೆ, ಕ್ಲಾಂಪು ಫೇಸಿನ ಕೆಂಪು ವೈರಿಗೆ. ಈಗ ಎರಡೂ ಅಂಕಿ ಒಂದೇ ಕ್ಷಣದಲ್ಲಿ ಓದಬಹುದು. ಅರ್ತ್ ವೈರನ್ನು ಬಿಡಬೇಡಿ, ಕಾಲಲ್ಲಿ ಒಣ ಚಪ್ಪಲಿ ಇರಲಿ, ಕಡ್ಡಿಯನ್ನು ಬೆರಳು ತಡೆಯ ಹಿಂದೆಯೇ ಹಿಡಿಯಿರಿ.

ಸಣ್ಣ ಲೋಡು ಅಳೆಯುವಾಗ ಕ್ಲಾಂಪು ತಡವರಿಸುತ್ತದೆ. 0.3 ಆಂಪ್ಸ್‌ನ ಫ್ಯಾನಿಗೆ ಒಂಟಿ ವೈರನ್ನು ದವಡೆಯೊಳಗೆ ಹತ್ತು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ. ಅದಕ್ಕೆ ಇನ್ನೊಂದು ತೆಳು ವೈರಿನ ಬೋರ್ಡ್ ಬೇಕಾಗುತ್ತದೆ.

ಆರಿದಾಗಿನ ಓಮ್, ಓಡುವಾಗಿನ ಓಮ್

ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ನೇರವಾಗಿಯೇ ರೋಧ ಅಳೆಯಬಹುದಲ್ಲ, ಲೆಕ್ಕ ಯಾಕೆ? ಎರಡು ಕಾರಣ. ಓಮ್ ರೇಂಜನ್ನು ಕರೆಂಟ್ ಇರುವ ಕಡೆ ಮುಟ್ಟಿಸುವಂತಿಲ್ಲ, ಪ್ಲಗ್ ಕಿತ್ತೇ ಅಳೆಯಬೇಕು. ಹಾಗೆ ಅಳೆದಾಗ ಸಿಗುವುದು ತಣ್ಣಗಿರುವ ವಸ್ತುವಿನ ರೋಧ. 60 ವ್ಯಾಟಿನ ಹಳೆಯ ಬುರುಡೆ ಬಲ್ಬು ಉರಿಯುವಾಗ 230 × 230 ÷ 60, ಅಂದರೆ 882 ಓಮ್. ಅದನ್ನೇ ತೆಗೆದು ಮೀಟರಿಗೆ ಹಿಡಿದರೆ ಎಪ್ಪತ್ತರ ಆಸುಪಾಸು ತೋರಿಸುತ್ತದೆ. ಟಂಗ್‌ಸ್ಟನ್ ತಂತಿ ಕಾದಂತೆ ರೋಧ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಸ್ವಿಚ್ ಒತ್ತಿದ ಕ್ಷಣವೇ ಬಲ್ಬುಗಳು ಸುಡುವುದಕ್ಕೂ ಇದೇ ಕಾರಣ, ಆಗಲೇ ಅತಿ ಹೆಚ್ಚು ಆಂಪ್ಸ್ ನುಗ್ಗುವುದು.

ಗೀಸರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡುಗಳೊಳಗಿನ ನಿಕ್ರೋಮ್ ತಂತಿ ಹಾಗಲ್ಲ. ಕಾದರೂ ರೋಧ ಕೆಲವೇ ಶೇಕಡಾ ಬದಲಾಗುತ್ತದೆ. ಹಾಗಾಗಿ ಎಲಿಮೆಂಟ್ ಕೆಟ್ಟಿದೆಯೇ ಎಂದು ತಣ್ಣಗಿದ್ದಾಗಲೇ ನೋಡಬಹುದು. 2000 ವ್ಯಾಟಿನ ಎಲಿಮೆಂಟು 25ರಿಂದ 29 ಓಮ್ ಒಳಗೆ, 1500 ವ್ಯಾಟಿನ ರಾಡು 35ರ ಹತ್ತಿರ, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ 53ರ ಹತ್ತಿರ ತೋರಿಸಬೇಕು. ಗೀಸರ್‌ನ ಎಲಿಮೆಂಟಿಗೆ ಬಂದ ವೈರುಗಳನ್ನು ಕಳಚಿ ಅಳೆಯಿರಿ. ಇಲ್ಲದಿದ್ದರೆ ತೆರೆದುಕೊಂಡ ಥರ್ಮೋಸ್ಟಾಟನ್ನೇ ‘ಎಲಿಮೆಂಟ್ ಹೋಗಿದೆ’ ಎಂದು ಓದುತ್ತೀರಿ. ಎಲಿಮೆಂಟಿನ ತುದಿಯಿಂದ ಅದರ ಲೋಹದ ಮೈಗೆ ಅಳೆದಾಗ ಏನೂ ತೋರಿಸಬಾರದು. ಏನೂ ತೋರಿಸಲಿಲ್ಲ ಎಂದ ಮಾತ್ರಕ್ಕೆ ಅರ್ತ್ ಲೀಕೇಜ್ ಇಲ್ಲ ಎಂದೂ ಅಲ್ಲ, ಮೀಟರಿನ 9 ವೋಲ್ಟ್ ಬ್ಯಾಟರಿಗೆ ಕಾಣದ ಬಿರುಕು 230ಕ್ಕೆ ಕಾಣುತ್ತದೆ. ಅದನ್ನು ಖಚಿತಪಡಿಸಲು 500 ವೋಲ್ಟ್ ಹಾಕಿ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಬೇಕು.

ವೋಲ್ಟೇಜ್ ಇಳಿದಾಗ

ರೋಧ ಹೆಚ್ಚೂ ಕಡಿಮೆ ಸ್ಥಿರ ಎಂದ ಮೇಲೆ ವೋಲ್ಟ್ ಬದಲಾದಾಗ ಏನಾಗುತ್ತದೆ ಎಂದು ಮೊದಲೇ ಹೇಳಬಹುದು. ನಮ್ಮಲ್ಲಿ 230ಕ್ಕೆ ಹತ್ತು ಶೇಕಡಾ ಆಚೀಚೆ, ಅಂದರೆ 207ರಿಂದ 253ರವರೆಗೆ ಒಪ್ಪಿತ ಮಿತಿ. ಆ ಮಿತಿಯೊಳಗೇ ನಮ್ಮ 26.4 ಓಮ್ ಎಲಿಮೆಂಟು 1620 ವ್ಯಾಟಿನಿಂದ 2420 ವ್ಯಾಟಿನವರೆಗೆ ಓಡಾಡುತ್ತದೆ. 180ಕ್ಕೆ ಇಳಿದರೆ 6.8 ಆಂಪ್ಸ್, 1225 ವ್ಯಾಟ್. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 0.52 ಯೂನಿಟ್ ಬೇಕು; 2000 ವ್ಯಾಟಿನಲ್ಲಿ 16 ನಿಮಿಷ, 1225ರಲ್ಲಿ 26 ನಿಮಿಷ. ಬಿಲ್ಲಿನ ಯೂನಿಟ್ಟು ಎರಡರಲ್ಲೂ ಸರಿಸುಮಾರು ಒಂದೇ, ಕಾಯುವ ಹೊತ್ತು ಮಾತ್ರ ಬೇರೆ.

ಲೆಕ್ಕ ಸರಿಯೇ ಎಂದು ನೋಡಲು ಮನೆಯ ವಿದ್ಯುತ್ ಮೀಟರೇ ಸಾಕು. ಅದರ ಮೇಲೆ ಮಿಣುಕುವ ಕೆಂಪು ದೀಪದ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ, 1600 ಅಥವಾ 3200 ಎಂದಿರುವುದು ಸಾಮಾನ್ಯ. ಬೇರೆಲ್ಲ ಸ್ವಿಚ್ಚು ಆರಿಸಿ, ಫ್ರಿಜ್ಜನ್ನೂ ಸೇರಿಸಿ, ಗೀಸರ್ ಒಂದನ್ನೇ ಹಾಕಿ ನೂರು ಮಿಣುಕು ಎಣಿಸಿ. 3200ರ ಮೀಟರಾದರೆ 1,12,500ನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿ, ಸಿಕ್ಕಿದ್ದೇ ವ್ಯಾಟ್. 56 ಸೆಕೆಂಡಾದರೆ 2009. 1600ರ ಮೀಟರಿಗೆ 2,25,000 ಇಟ್ಟುಕೊಳ್ಳಿ. ಕ್ಲಾಂಪಿನ ಲೆಕ್ಕಕ್ಕೂ ಇದಕ್ಕೂ ನೂರು ವ್ಯಾಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಲೋಡು ಉಳಿದುಕೊಂಡಿದೆ, ಇಲ್ಲವೇ ಎಣಿಕೆ ತಪ್ಪಿದೆ.

ಪ್ಲಗ್ ಟಾಪ್ ಕಂದು ಬಣ್ಣಕ್ಕೆ ತಿರುಗಿದ್ದರೆ

ಈ ಲೆಕ್ಕ ನಿಜವಾಗಿ ಮನೆ ಉಳಿಸುವುದು ಇಲ್ಲಿ. ಗೀಸರ್‌ನ ಪ್ಲಗ್ಗು ಬಿಸಿಯಾಗುತ್ತಿದೆ, ಫೇಸ್ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದೆ. ‘ಗೀಸರ್ ಜಾಸ್ತಿ ಎಳೀತಿದೆ’ ಎನ್ನುತ್ತಾರೆ. ಆಂಪ್ಸ್ ನೋಡಿದರೆ ಎಂದಿಗಿಂತ ಕಡಿಮೆಯೇ ಇರುತ್ತದೆ. ತೊಂದರೆ ಇರುವುದು ಸಡಿಲ ಜಾಯಿಂಟಿನಲ್ಲಿ.

ಟೆಸ್ಟ್ ಬೋರ್ಡನ್ನು ಆ ಗೋಡೆ ಸಾಕೆಟ್ಟಿಗೆ ಹಾಕಿ ಗೀಸರ್ ಓಡಿಸಿ. ಬೋರ್ಡಿನಲ್ಲಿ 226 ವೋಲ್ಟ್, 8.6 ಆಂಪ್ಸ್ ಬಂತು ಎನ್ನಿ. ಅದೇ ಹೊತ್ತಿಗೆ ಮೇನ್ ಬೋರ್ಡಿನ ಹತ್ತಿರದ, ಅದೇ ಫೇಸಿನ, ಲೋಡಿಲ್ಲದ ಇನ್ನೊಂದು ಸಾಕೆಟ್ಟಿನಲ್ಲಿ 231 ಇದೆ. ಮಧ್ಯೆ ಕಳೆದದ್ದು 5 ವೋಲ್ಟ್. 5 ÷ 8.6 = 0.58 ಓಮ್. ಇದರಲ್ಲಿ ವೈರಿನ ಪಾಲು ಎಷ್ಟು? 2.5 ಚದರ ಮಿಮೀ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್. ಮೇನ್‌ನಿಂದ ಬಚ್ಚಲುಮನೆಗೆ 15 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 30 ಮೀಟರ್, ಅಂದರೆ 0.22 ಓಮ್. ಉಳಿದ 0.36 ಓಮ್ ಯಾವುದೋ ತಿರುಪು, ಸ್ವಿಚ್ಚು, ಸಾಕೆಟ್ಟಿನ ಹಿಡಿಯಲ್ಲಿದೆ. ಅಲ್ಲಿ ಹುಟ್ಟುವ ಶಾಖ 8.6 × 8.6 × 0.36, ಸುಮಾರು 27 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ. ಅಷ್ಟೇ ಶಾಖ ಗೋಡೆಯೊಳಗಿನ ಒಂದು ತಿರುಪಿನ ಬುಡದಲ್ಲಿ ದಿನಾ ಬೆಳಿಗ್ಗೆ ಕೂತಿರುತ್ತದೆ. ಕಾದ ತಾಮ್ರದ ಮೇಲೆ ಕಿಲುಬು ಹತ್ತಿ ರೋಧ ಇನ್ನೂ ಏರುತ್ತದೆ, ಏರಿದಂತೆ ಶಾಖವೂ ಏರುತ್ತದೆ. ಇದಕ್ಕೆ ಎಂಸಿಬಿ ಬೀಳುವುದಿಲ್ಲ. ಅದು ನೋಡುವುದು ಆಂಪ್ಸ್ ಹೆಚ್ಚಾಯಿತೇ ಎಂದಷ್ಟೆ.

ಮೇನ್ ಆರಿಸಿ ಸಾಕೆಟ್ಟು, ಸ್ವಿಚ್ಚು ಎರಡನ್ನೂ ಬಿಚ್ಚಿ. ಕಪ್ಪಾದ ವೈರಿನ ತುದಿಯನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಸಾಕೆಟ್ಟನ್ನು ಬದಲಾಯಿಸಿ. ತಿರುಪು ಬಿಗಿದು ಅದನ್ನೇ ಉಳಿಸುವುದು ಬೇಡ, ಕಾದು ಹದ ಕಳೆದುಕೊಂಡ ಹಿತ್ತಾಳೆ ಹಿಡಿ ಮತ್ತೆ ಬಿಗಿ ಹಿಡಿಯುವುದಿಲ್ಲ. ಪ್ಲಗ್ ಟಾಪನ್ನೂ ತೆರೆದು ನೋಡಿ. ಟೆಸ್ಟ್ ಬೋರ್ಡಿನ ಅಳತೆಗೆ ಅದರೊಳಗಿನ ತಿರುಪು ಸಿಗುವುದಿಲ್ಲ.

ಒಂದು ಓಮ್ ಸುತ್ತಮುತ್ತ: ವೈರಿನ ಸುರುಳಿ

ಮಲ್ಟಿಮೀಟರಿನ ಓಮ್ ರೇಂಜು ಒಂದೆರಡು ಓಮ್‌ಗಳ ಹತ್ತಿರ ನಂಬಲು ಬರುವುದಿಲ್ಲ. ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.3, 0.5 ಎಂದು ತೋರಿಸುತ್ತದೆ. ಇಂಥಲ್ಲಿ ವೋಲ್ಟ್-ಆಂಪ್ಸ್ ವಿಧಾನವೇ ಗಟ್ಟಿ.

ಅಂಗಡಿಯಿಂದ 1.5 ಚದರ ಮಿಮೀ ಎಂದು 90 ಮೀಟರಿನ ಸುರುಳಿ ತಂದಿದ್ದೀರಿ. ತಾಮ್ರ ಪೂರ್ತಿ ಇದೆಯೇ? ಕಿಲೋಮೀಟರಿಗೆ ಹೆಚ್ಚೆಂದರೆ 12.1 ಓಮ್ ಇರಬೇಕು, 90 ಮೀಟರಿಗೆ 1.09. ಇದು 20 ಡಿಗ್ರಿ ಸೆಲ್ಸಿಯಸ್‌ನ ಮಾತು; ತಾಮ್ರದ ರೋಧ ಡಿಗ್ರಿಗೆ 0.39 ಶೇಕಡಾ ಏರುವುದರಿಂದ 30 ಡಿಗ್ರಿಯ ದಿನ 1.13ರವರೆಗೆ ಸರಿ. ಒಂದು 12 ವೋಲ್ಟ್ ಬ್ಯಾಟರಿ, ವಾಹನದ ಇಂಡಿಕೇಟರಿನ 21 ವ್ಯಾಟ್ ಬಲ್ಬು ತನ್ನಿ. ಬ್ಯಾಟರಿ, ಬಲ್ಬು, ಸುರುಳಿ, ಡಿಸಿ 10 ಆಂಪ್ಸ್ ರೇಂಜಿನ ಮೀಟರು ಎಲ್ಲವನ್ನೂ ಒಂದರ ಹಿಂದೊಂದು ಜೋಡಿಸಿ. ಬಲ್ಬು ಇಲ್ಲಿ ಆಂಪ್ಸ್‌ಗೆ ಕಡಿವಾಣ. 1.6 ಆಂಪ್ಸ್ ಆಸುಪಾಸು ಬರುತ್ತದೆ. ಬರೆದುಕೊಂಡು ಮೀಟರು ತೆಗೆದು ಆ ಜಾಗವನ್ನು ಕೂಡಿಸಿ, ಈಗ ಡಿಸಿ ವೋಲ್ಟ್ ರೇಂಜಿನಲ್ಲಿ ಸುರುಳಿಯ ಎರಡು ತುದಿಗಳ ತಾಮ್ರಕ್ಕೇ ಕಡ್ಡಿ ಮುಟ್ಟಿಸಿ. ಕ್ಲಿಪ್ಪಿನ ಮೇಲಲ್ಲ, ತಾಮ್ರದ ಮೇಲೆ. 1.75 ವೋಲ್ಟ್ ಬಂದರೆ 1.75 ÷ 1.6 = 1.09 ಓಮ್, ವೈರು ಸರಿ ಇದೆ. 1.4 ಓಮ್ ಬಂದರೆ ತಾಮ್ರ 1.5 ಚದರ ಮಿಮೀ ಇಲ್ಲ, ಅಥವಾ ಅದು ಪೂರ್ತಿ ತಾಮ್ರವೇ ಅಲ್ಲ.

ಬೈಕಿನ ಎಲ್‌ಇಡಿ ಯಾಕೆ ಬೇಗ ಹೋಗುತ್ತದೆ

ಬಿಳಿ ಎಲ್‌ಇಡಿ ಒಂದಕ್ಕೆ 3.2 ವೋಲ್ಟ್, ಮೂರು ಸರಣಿಯಲ್ಲಿ 9.6. ‘12 ವೋಲ್ಟ್ ಬ್ಯಾಟರಿ’ ಎಂದು 2.4 ÷ 0.02 = 120 ಓಮ್ ರೆಸಿಸ್ಟರ್ ಹಾಕುತ್ತಾರೆ. ಎಂಜಿನ್ ಓಡುವಾಗ ಅಲ್ಲಿ ಇರುವುದು 14.4. ಉಳಿಕೆ 4.8 ವೋಲ್ಟ್, 120 ಓಮ್‌ಗೆ 40 ಮಿಲಿಆಂಪ್ಸ್, ಎರಡು ಪಟ್ಟು. ಲೆಕ್ಕವನ್ನು 14.4ಕ್ಕೇ ಮಾಡಿ 270 ಓಮ್ ಹಾಕಿ, ಸುಮಾರು 18 ಮಿಲಿಆಂಪ್ಸ್ ಓಡುತ್ತದೆ. ರೆಸಿಸ್ಟರಿನ ಶಾಖ 4.8 × 0.018, ಅಂದರೆ 0.09 ವ್ಯಾಟ್, ಕಾಲು ವ್ಯಾಟಿನದು ಸಾಕು.

ಮೋಟರಿಗೆ ಈ ಲೆಕ್ಕ ಹಾಗೇ ನಡೆಯದು

5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್ ಮೋಟರಿನ ಎರಡು ವೈರುಗಳ ನಡುವೆ ಅಳೆದರೆ ಕೆಲವೇ ಓಮ್ ತೋರಿಸುತ್ತದೆ. ಓಮ್ ನಿಯಮವನ್ನು ಕಣ್ಮುಚ್ಚಿ ಹಾಕಿದರೆ ನೂರಕ್ಕೂ ಹೆಚ್ಚು ಆಂಪ್ಸ್ ಬರಬೇಕು. ಬರುವುದು 9. ತಿರುಗುವ ಮೋಟರು ತಾನೇ ಎದುರು ವೋಲ್ಟೇಜು ಹುಟ್ಟಿಸಿ ಪ್ರವಾಹವನ್ನು ತಡೆಯುತ್ತದೆ. ಮೋಟರು ಜಾಮ್ ಆದರೆ ಆ ತಡೆ ಇಲ್ಲ, ಆಂಪ್ಸ್ ಐದಾರು ಪಟ್ಟಾಗಿ ವೈಂಡಿಂಗ್ ಸುಡುತ್ತದೆ. ವ್ಯಾಟ್ ಲೆಕ್ಕಕ್ಕೂ ತ್ರೀ ಫೇಸಿನ 1.732, ಜೊತೆಗೆ ಪವರ್ ಫ್ಯಾಕ್ಟರ್ (ವೋಲ್ಟ್-ಆಂಪ್ಸ್ ಗುಣಾಕಾರದಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು, ಇಲ್ಲಿ 0.8) ಸೇರಬೇಕು: 1.732 × 415 × 9 × 0.8 = 5175 ವ್ಯಾಟ್. 5 ಎಚ್‌ಪಿ ಅಂದರೆ 3730 ವ್ಯಾಟ್ ಶಾಫ್ಟಿಗೆ ಸಿಗುವ ಕೆಲಸ, ಉಳಿದದ್ದು ಮೋಟರಿನೊಳಗಿನ ನಷ್ಟ.

ಹೀಟರಿಗೆ ತದ್ವಿರುದ್ಧವಾಗಿ, ವೋಲ್ಟೇಜ್ ಇಳಿದರೆ ಮೋಟರಿನ ಆಂಪ್ಸ್ ಏರುತ್ತದೆ. ಅಷ್ಟೇ ನೀರು ಎತ್ತಲು ಅಷ್ಟೇ ವ್ಯಾಟ್ ಬೇಕಲ್ಲ. 415 ಇದ್ದದ್ದು 350 ಆದರೆ 9 ಆಂಪ್ಸ್ 10.7ರ ಮೇಲೆ ಹೋಗುತ್ತದೆ, ವೈಂಡಿಂಗ್ ಶಾಖ ಅದರ ವರ್ಗದಂತೆ 1.4 ಪಟ್ಟು.

ಮೋಟರಿಗೆ ನಡೆಯದ ಓಮ್ ನಿಯಮ ಕೇಬಲ್ಲಿಗೆ ಚೆನ್ನಾಗಿ ನಡೆಯುತ್ತದೆ. 250 ಮೀಟರ್ ಕೇಬಲ್, 2.5 ಚದರ ಮಿಮೀ: ಒಂದೊಂದು ಎಳೆಗೆ 1.85 ಓಮ್. ನಷ್ಟ 3 × 9 × 9 × 1.85, ಸುಮಾರು 450 ವ್ಯಾಟ್. ವೋಲ್ಟ್ ಇಳಿತ 1.732 × 9 × 1.85 × 0.8, ಅಂದರೆ 23. ಟಿಸಿಯಿಂದಲೇ (ಊರಿನ ಟ್ರಾನ್ಸ್‌ಫಾರ್ಮರ್) 380 ಬರುವ ಕಡೆ ಇನ್ನೂ 23 ಕಳೆದರೆ ಮೋಟರಿಗೆ ಉಳಿಯುವುದು 357. 4 ಚದರ ಮಿಮೀ ಹಾಕಿದರೆ ನಷ್ಟ 300 ವ್ಯಾಟ್, ಇಳಿತ 15-16 ವೋಲ್ಟ್. ಸ್ಟಾರ್ಟ್ ಆಗುವ ಕ್ಷಣ ಆಂಪ್ಸ್ ಐದಾರು ಪಟ್ಟಿರುವುದರಿಂದ ಇಳಿತವೂ ಅದೇ ಪ್ರಮಾಣಕ್ಕೆ ದೊಡ್ಡದು; ಆಳದ ಬೋರಿನಲ್ಲಿ ತೆಳು ಕೇಬಲ್ಲಿಗೆ ಮೋಟರು ಗುಂಯ್‌ಗುಟ್ಟಿ ನಿಲ್ಲುವುದು ಇದರಿಂದ. ಕೇಬಲ್ ಕೊಳ್ಳುವಾಗ ಉಳಿಸಿದ ದುಡ್ಡನ್ನು ರೀವೈಂಡಿಂಗ್‌ಗೆ ಕೊಡಬೇಕಾಗುತ್ತದೆ.

ಹೊಸ ಮೋಟರು ಇಳಿಸಿದ ದಿನವೇ ಮೂರೂ ಫೇಸಿನ ವೋಲ್ಟ್, ಮೂರೂ ವೈರಿನ ಆಂಪ್ಸ್ ಅಳೆದು, ತಾರೀಖಿನ ಜೊತೆ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ಮುಂದೆ ಒಂದು ವೈರಿನ ಆಂಪ್ಸ್ ಸರಾಸರಿಗಿಂತ 5 ಶೇಕಡಾಕ್ಕೂ ಹೆಚ್ಚು ಆಚೆ ಹೋದರೆ ಮೇನ್ ಆರಿಸಿ, ಸ್ಟಾರ್ಟರಿನಿಂದ ಹೊರಡುವ ಮೂರೂ ಮೋಟರ್ ವೈರುಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ ಜೋಡಿಸಿ. ಮೂರನ್ನೂ ಸರಿಸಿದರೆ ಮೋಟರು ತಿರುಗುವ ದಿಕ್ಕು ಬದಲಾಗದು, ಎರಡನ್ನೇ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಮತ್ತೆ ಅಳೆಯಿರಿ. ಹೆಚ್ಚಿನ ಆಂಪ್ಸ್ ಅದೇ ಫೇಸಿನಲ್ಲೇ ಉಳಿದರೆ ತೊಂದರೆ ಲೈನಿನದು, ಫ್ಯೂಸು ಅಥವಾ ಟಿಸಿ ಕಡೆ ನೋಡಿಸಬೇಕು. ವೈರಿನ ಜೊತೆಗೇ ಬೇರೆ ಫೇಸಿಗೆ ಹೋದರೆ ಕೇಬಲ್ ಜಾಯಿಂಟಿನಲ್ಲೋ ವೈಂಡಿಂಗಿನಲ್ಲೋ ದೋಷವಿದೆ, ಮೋಟರನ್ನು ಮೇಲೆತ್ತಿಸಬೇಕು.